ಕೊಂಡಿ ಕಳಚಿದ್ದು ಎಲ್ಲಿ? ಜಾಲತಾಣದ ಆ್ಯಪ್‌ಗಳ ತೊಡಕು ಬಿಡಿಸುವ ಕ್ರಮ

ಎಳ್ಳ ಅಮಾವಾಸ್ಯೆಗೆ ಹನ್ನೆರಡು ದಿನ ಉಳಿದಿದ್ದಾಗ, ಕಲಬುರಗಿಯಲ್ಲಿ ರೊಟ್ಟಿ ಮಾಡಿ ಮಾರುವ ಮಹಿಳಾ ಸಂಘವೊಂದರ ಇಬ್ಬರು ಸದಸ್ಯೆಯರು ನಾನು ನಡೆಸುವ ಕಂಪ್ಯೂಟರ್ ತರಗತಿಗೆ ಬಂದರು. ಚರಗ ಚೆಲ್ಲುವ ಆ ಹಬ್ಬದ ಹೊತ್ತಿನಲ್ಲಿ ಸಜ್ಜೆ ರೊಟ್ಟಿಗೂ ಶೇಂಗಾ ಹೋಳಿಗೆಗೂ ಬೇಡಿಕೆ ಏರುತ್ತದೆ. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ ಈ ಭಾಗದವರು ಸಂಘದ ಫೇಸ್‌ಬುಕ್ ಪೇಜ್ ನೋಡಿಯೇ ಆರ್ಡರ್ ಕೊಡುತ್ತಾರೆ. ಒಮ್ಮೆ ಫೋಟೊ ಹಾಕಿ ಸಮಯ ಗೊತ್ತುಪಡಿಸಿದರೆ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಎರಡಕ್ಕೂ ತಾನಾಗಿ ಪೋಸ್ಟ್ ಮಾಡುವ ಹೊರಗಿನ ಆ್ಯಪೊಂದನ್ನು ಅವರು ಬಳಸುತ್ತಿದ್ದರು. ಎಂಟು ದಿನಗಳಿಂದ ಒಂದು ಪೋಸ್ಟೂ ಹೋಗಿರಲಿಲ್ಲ. “ಎಲ್ಲಾ ತೆಗದು ಮತ್ತ ಹಾಕೀವ್ರಿ ಸರ್, ಆದ್ರೂ ಹೋಗವಲ್ದು” ಎಂದು ಹಿರಿಯಾಕೆ ಹಿಟ್ಟಿನ ಬೆರಳಚ್ಚು ಬಿದ್ದಿದ್ದ ಫೋನನ್ನು ಮೇಜಿನ ಮೇಲಿಟ್ಟರು. ತೆಗೆದು ಹಾಕಿದ್ದರಿಂದ ಕೊಂಡಿ ಕೂಡಲಿಲ್ಲ. ಬದಲಿಗೆ ಇನ್‌ಸ್ಟಾಗ್ರಾಂನಲ್ಲಿ ಕರಡಾಗಿ ಉಳಿಸಿಟ್ಟಿದ್ದ ಹತ್ತಾರು ಫೋಟೊ, ವಿಡಿಯೊಗಳು ಅಳಿಸಿಹೋದವು. ಕರಡುಗಳು ಇರುವುದು ಫೋನಿನಲ್ಲಿ, ಕಂಪನಿಯ ಸರ್ವರ್‌ನಲ್ಲಿ ಅಲ್ಲ. ಆ್ಯಪ್ ತೆಗೆದರೆ ಅವೂ ಹೋಗುತ್ತವೆ.

ಆದ್ದರಿಂದ ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಒಂದೇ: ಏನನ್ನೂ ಅಳಿಸುವ ಮೊದಲು ಕೊಂಡಿ ಎಲ್ಲಿ ಕಳಚಿದೆ ಎಂಬುದನ್ನು ಹುಡುಕಬೇಕು. ನಿಮ್ಮ ಫೋನು, ಇಂಟರ್‌ನೆಟ್, ಜಾಲತಾಣದ ಸರ್ವರ್, ಹೊರಗಿನ ಆ್ಯಪ್, ಆ ಆ್ಯಪಿಗೆ ನೀವು ಕೊಟ್ಟ ಅನುಮತಿ, ಈ ಐದರಲ್ಲಿ ಯಾವುದೋ ಒಂದು ಕೈಕೊಟ್ಟಿರುತ್ತದೆ. ಐದನ್ನೂ ಒಟ್ಟಿಗೆ ಅಲುಗಾಡಿಸಿದರೆ ಮೊದಲು ಕೆಟ್ಟಿದ್ದು ಯಾವುದು, ನಾವು ಕೆಡಿಸಿದ್ದು ಯಾವುದು ಎಂಬುದೇ ತಿಳಿಯದಂತಾಗುತ್ತದೆ.

ಮೊದಲ ಪರೀಕ್ಷೆ: ನೇರವಾಗಿ ಪೋಸ್ಟ್ ಮಾಡಿ ನೋಡಿ

ಹೊರಗಿನ ಆ್ಯಪನ್ನು ಬದಿಗಿಟ್ಟು ಫೇಸ್‌ಬುಕ್ ಆ್ಯಪಿನಿಂದಲೇ ಪೇಜಿಗೆ ಒಂದು ಸಾಲಿನ ಪೋಸ್ಟ್ ಹಾಕಿ. ಅದು ಹೋದರೆ ನಿಮ್ಮ ಫೋನು, ನೆಟ್, ಖಾತೆ, ಪೇಜ್ ಎಲ್ಲವೂ ಸರಿಯಾಗಿವೆ; ದೋಷ ಇರುವುದು ನಡುವಿನ ಕೊಂಡಿಯಲ್ಲಿ. ಅದೂ ಹೋಗದಿದ್ದರೆ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ, ಅನಂತರ ಇನ್ನೊಬ್ಬರ ಫೋನಿನ ಬ್ರೌಸರ್‌ನಲ್ಲಿ ಲಾಗಿನ್ ಆಗಿ ಪ್ರಯತ್ನಿಸಿ. ಎರಡು ಫೋನು, ಎರಡು ನೆಟ್ ಬಳಸಿದರೂ ಆಗದಿದ್ದಾಗ ಜಾಲತಾಣವೇ ನಿಂತಿರುವ ಸಾಧ್ಯತೆ ಹೆಚ್ಚು. ಡೌನ್‌ಡಿಟೆಕ್ಟರ್‌ನಂಥ ತಾಣಗಳಲ್ಲಿ ಅದೇ ಹೊತ್ತಿಗೆ ಬೇರೆಯವರೂ ದೂರಿದ್ದಾರೆಯೇ ಎಂದು ನೋಡಬಹುದು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ತಾಸು ಜಗತ್ತಿನಾದ್ಯಂತ ನಿಂತಿದ್ದವು. 2024ರ ಮಾರ್ಚ್ 5ರಂದು ಫೇಸ್‌ಬುಕ್ ತಾನಾಗಿ ಅಸಂಖ್ಯ ಬಳಕೆದಾರರನ್ನು ಲಾಗೌಟ್ ಮಾಡಿತು. ಇಂಥ ಗಳಿಗೆಯಲ್ಲಿ ಖಾತೆ ಹ್ಯಾಕ್ ಆಯಿತೆಂದು ಗಾಬರಿಯಾಗಿ ಪಾಸ್‌ವರ್ಡ್ ಬದಲಿಸಿದರೆ, ಅದುವರೆಗೆ ಚೆನ್ನಾಗಿದ್ದ ಕೊಂಡಿಗಳೂ ಕಳಚಿಕೊಳ್ಳುತ್ತವೆ. ಸರ್ವರ್ ನಿಂತಾಗ ಮಾಡಬೇಕಾದದ್ದು ಕಾಯುವುದು ಮಾತ್ರ.

ಫೋನಿನೊಳಗೆ ನೋಡಬೇಕಾದವು

ಮೊದಲು ದಿನಾಂಕ ಮತ್ತು ಸಮಯ. ಬ್ಯಾಟರಿ ಪೂರ್ತಿ ಇಳಿದು ಫೋನ್ ಮತ್ತೆ ಹೊತ್ತಿಕೊಂಡಾಗ, ಅಥವಾ ಮಕ್ಕಳು ಆಟಕ್ಕೆಂದು ಗಡಿಯಾರ ತಿರುಗಿಸಿದಾಗ, ದಿನಾಂಕ ತಪ್ಪಿರುತ್ತದೆ. ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಪ್ರಮಾಣಪತ್ರವನ್ನು ಫೋನು ದಿನಾಂಕ ನೋಡಿಯೇ ಒಪ್ಪುವುದರಿಂದ, ತಪ್ಪು ದಿನಾಂಕವಿದ್ದರೆ ಲಾಗಿನ್ ಪುಟವೇ ತೆರೆಯದಿರಬಹುದು. ಪಾಸ್‌ವರ್ಡ್ ಜೊತೆಗೆ ಎರಡನೇ ಗುರುತಾಗಿ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪಿನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಕೋಡ್ ಕೂಡ ತಾಳೆಯಾಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಮತ್ತು ಸಮಯವನ್ನು ಸ್ವಯಂಚಾಲಿತಕ್ಕೆ ಇಟ್ಟರೆ ಸಾಕು.

ಬಳಿಕ ಆ್ಯಪ್ ಅಪ್‌ಡೇಟ್ ಇದೆಯೇ, ಫೋನಿನಲ್ಲಿ ಜಾಗ ಉಳಿದಿದೆಯೇ ನೋಡಿ. ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದರೆ ‘ಆಂಡ್ರಾಯ್ಡ್ ಸಿಸ್ಟಂ ವೆಬ್‌ವ್ಯೂ’ ಎಂಬುದನ್ನೂ ಪ್ಲೇ ಸ್ಟೋರ್‌ನಲ್ಲಿ ಅಪ್‌ಡೇಟ್ ಮಾಡಿ. ಆ್ಯಪುಗಳ ಒಳಗೆ ವೆಬ್‌ಪುಟ ತೋರಿಸುವ ಈ ಭಾಗದಲ್ಲಿ ದೋಷ ಬಂದು, 2021ರ ಮಾರ್ಚ್‌ನಲ್ಲಿ ಅನೇಕರ ಫೋನಿನಲ್ಲಿ ಜಿಮೇಲ್ ಸೇರಿದಂತೆ ಹಲವು ಆ್ಯಪುಗಳು ಕುಸಿದಿದ್ದವು. ಬ್ಯಾಟರಿ ಉಳಿತಾಯ ಹಾಗೂ ಡೇಟಾ ಉಳಿತಾಯದ ಆಯ್ಕೆಗಳು ಹಿನ್ನೆಲೆಯ ಕೆಲಸವನ್ನು ತಡೆಯುವುದೂ ಉಂಟು.

ಇಲ್ಲಿ ಒಂದು ವ್ಯತ್ಯಾಸವನ್ನು ಚೆನ್ನಾಗಿ ನೆನಪಿಡಬೇಕು. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಆ ಆ್ಯಪಿನ ಸ್ಟೋರೇಜ್ ತೆರೆದರೆ ‘ಕ್ಲಿಯರ್ ಕ್ಯಾಶ್’ ಮತ್ತು ‘ಕ್ಲಿಯರ್ ಡೇಟಾ’ ಎಂಬ ಎರಡು ಗುಂಡಿಗಳು ಹತ್ತಿರ ಹತ್ತಿರವೇ ಇರುತ್ತವೆ. ಮೊದಲನೆಯದು ತಾತ್ಕಾಲಿಕ ಕಡತಗಳನ್ನಷ್ಟೇ ಅಳಿಸುತ್ತದೆ, ಅದನ್ನು ನಿಶ್ಚಿಂತೆಯಿಂದ ಒತ್ತಬಹುದು. ಎರಡನೆಯದು ಲಾಗಿನ್, ಕರಡು, ಆಯ್ಕೆಗಳು ಎಲ್ಲವನ್ನೂ ಒರೆಸಿಹಾಕುತ್ತದೆ. ಅದನ್ನು ಒತ್ತುವ ಮೊದಲು ಕರಡುಗಳನ್ನು ಗ್ಯಾಲರಿಗೆ ಉಳಿಸಿಕೊಳ್ಳಿ, ಪಾಸ್‌ವರ್ಡ್ ನೆನಪಿದೆಯೇ ಖಚಿತಪಡಿಸಿಕೊಳ್ಳಿ.

ಟೋಕನ್ ಎಂಬ ಬಸ್ ಪಾಸು

ಸಂಘದವರ ಫೋನಿನಲ್ಲಿ ನೇರ ಪೋಸ್ಟ್ ಸಲೀಸಾಗಿ ಹೋಯಿತು. ಅಂದರೆ ಕಳಚಿದ್ದು ಅನುಮತಿಯ ಕೊಂಡಿ. ನನ್ನ ಬಳಿ ಬರುವ ತೊಡಕುಗಳಲ್ಲಿ ಹೆಚ್ಚಿನವು ಇಲ್ಲಿಯವೇ ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೊರಗಿನ ಆ್ಯಪಿನಲ್ಲಿ ‘ಫೇಸ್‌ಬುಕ್ ಜೊತೆ ಜೋಡಿಸಿ’ ಎಂದು ಒತ್ತಿದಾಗ ನಿಮ್ಮ ಪಾಸ್‌ವರ್ಡ್ ಆ ಆ್ಯಪಿನ ಕೈಗೆ ಹೋಗುವುದಿಲ್ಲ. ಫೇಸ್‌ಬುಕ್ ತನ್ನದೇ ಪುಟದಲ್ಲಿ ನಿಮ್ಮನ್ನು ಗುರುತಿಸಿ, ಯಾವ ಯಾವ ಕೆಲಸಕ್ಕೆ ಒಪ್ಪಿಗೆ ಎಂದು ಕೇಳಿ, ಬಳಿಕ ಆ ಆ್ಯಪಿಗೆ ಒಂದು ಟೋಕನ್ ಕೊಡುತ್ತದೆ. ಅದು ನಮ್ಮ ಸಾರಿಗೆ ನಿಗಮದ ವಿದ್ಯಾರ್ಥಿ ಪಾಸಿನಂತೆ: ಯಾರ ಹೆಸರಿನಲ್ಲಿದೆ, ಯಾವ ಊರಿನಿಂದ ಯಾವ ಊರಿಗೆ, ಎಲ್ಲಿಯ ತನಕ ಎಂಬುದು ಅದರಲ್ಲೇ ಗೊತ್ತಾಗಿರುತ್ತದೆ. ಆಳಂದದಿಂದ ಕಲಬುರಗಿಗೆ ಪಡೆದ ಪಾಸು ತೋರಿಸಿ ಬೀದರ್ ಬಸ್ ಹತ್ತಲಾಗದು. ಅವಧಿ ಮುಗಿದ ಪಾಸಿಗೆ ಕಂಡಕ್ಟರ್ ಒಪ್ಪುವುದಿಲ್ಲ. ಫೇಸ್‌ಬುಕ್ ಕೊಡುವ ದೀರ್ಘಾವಧಿ ಟೋಕನ್‌ನ ಬಾಳಿಕೆ ಸುಮಾರು 60 ದಿನ. ಒಳ್ಳೆಯ ಆ್ಯಪುಗಳು ಅದನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳುತ್ತವೆ. ಆದರೆ ಖಾತೆಯ ಪಾಸ್‌ವರ್ಡ್ ಬದಲಾದರೆ, ಸುರಕ್ಷತೆಯ ಕಾರಣಕ್ಕೆ ಫೇಸ್‌ಬುಕ್ ಲಾಗೌಟ್ ಮಾಡಿಸಿದರೆ, ಇಲ್ಲವೇ ಖಾತೆಯವರು ಅನುಮತಿ ಹಿಂಪಡೆದರೆ ಪಾಸು ಅಂದೇ ರದ್ದಾಗುತ್ತದೆ.

ಇನ್ನೂ ಒಂದು ಸೂಕ್ಷ್ಮವಿದೆ. ಟೋಕನ್ ಇರುವುದು ಪೇಜಿನ ಹೆಸರಿನಲ್ಲಿ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದು ಜೋಡಿಸಿದ ವ್ಯಕ್ತಿಯ ಖಾತೆಗೆ ಅಂಟಿಕೊಂಡಿರುತ್ತದೆ. ಸಂಘದ ಆ್ಯಪಿನಲ್ಲಿ ‘ಜೋಡಿಸಿದ ಖಾತೆಗಳು’ ಎಂಬ ಪುಟ ತೆರೆದಾಗ ಪೇಜಿನ ಹೆಸರಿನ ಪಕ್ಕ ಚಿಕ್ಕದೊಂದು ಕೆಂಪು ಚುಕ್ಕೆ, ಕೆಳಗೆ ಮತ್ತೆ ಜೋಡಿಸುವಂತೆ ಸೂಚನೆ ಕಂಡಿತು. ಎರಡು ವರ್ಷಗಳ ಹಿಂದೆ ಅದನ್ನು ಜೋಡಿಸಿಕೊಟ್ಟಿದ್ದವನು ಹಿರಿಯಾಕೆಯ ಮಗ. ಅವನೀಗ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾನೆ. ಫೋನ್ ಮಾಡಿ ಕೇಳಿದಾಗ, ಹಿಂದಿನ ವಾರವಷ್ಟೇ ತನ್ನ ಫೇಸ್‌ಬುಕ್ ಪಾಸ್‌ವರ್ಡ್ ಬದಲಿಸಿದ್ದಾಗಿ ತಿಳಿಸಿದ. ಮಗ ಅಲ್ಲಿ ಮಾಡಿದ ಒಂದು ಬದಲಾವಣೆಯಿಂದ ಕಲಬುರಗಿಯ ರೊಟ್ಟಿಯ ಫೋಟೊ ನಿಂತಿತ್ತು. ದುಡಿಯಲು ಊರು ಬಿಡುವವರು ಹೆಚ್ಚಿರುವ ನಮ್ಮ ಭಾಗದ ಮನೆಗಳಲ್ಲಿ ಇದು ಮತ್ತೆ ಮತ್ತೆ ಎದುರಾಗುವ ಸಂಗತಿ.

ಮತ್ತೆ ಜೋಡಿಸುವ ಕ್ರಮ ಹೀಗಿದೆ. ದಿನನಿತ್ಯ ಪೇಜ್ ನೋಡಿಕೊಳ್ಳುವವರಿಗೆ ಮೊದಲು ಪೇಜಿನ ಪೂರ್ಣ ನಿಯಂತ್ರಣ ಕೊಡಿಸಿ. ಮಗ ತನ್ನ ಫೋನಿನಿಂದಲೇ ಇದನ್ನು ಮಾಡಬಹುದು. ಅನಂತರ ಹೊರಗಿನ ಆ್ಯಪಿನಲ್ಲಿ ಹಳೆಯ ಜೋಡಣೆಯನ್ನು ತೆಗೆಯಿರಿ. ಗೊತ್ತುಪಡಿಸಿಟ್ಟ ಪೋಸ್ಟುಗಳು ಅದರೊಂದಿಗೆ ಹೋಗುವುದಾದರೆ ಮೊದಲೇ ಬರೆದಿಟ್ಟುಕೊಳ್ಳಿ. ಜೋಡಿಸಿದವರು ತಮ್ಮ ಫೇಸ್‌ಬುಕ್ ಸೆಟ್ಟಿಂಗ್ಸ್‌ನಲ್ಲೂ ಆ ಆ್ಯಪನ್ನು ತೆಗೆಯಬೇಕು. ಅಲ್ಲಿ ‘ಆ್ಯಪ್ಸ್ ಆ್ಯಂಡ್ ವೆಬ್‌ಸೈಟ್ಸ್’ ಮತ್ತು ‘ಬಿಸಿನೆಸ್ ಇಂಟಿಗ್ರೇಷನ್ಸ್’ ಎಂದು ಎರಡು ಪಟ್ಟಿಗಳಿವೆ. ಪೇಜ್ ನಿರ್ವಹಿಸುವ ಆ್ಯಪುಗಳು ಸಾಮಾನ್ಯವಾಗಿ ಎರಡನೆಯದರಲ್ಲಿರುತ್ತವೆ, ಹಲವರು ಮೊದಲನೆಯದನ್ನಷ್ಟೇ ನೋಡಿ ಏನೂ ಇಲ್ಲವೆಂದು ಹಿಂತಿರುಗುತ್ತಾರೆ. ಎರಡೂ ಕಡೆ ತೆಗೆದ ಮೇಲೆ ಹೊಸದಾಗಿ ಜೋಡಿಸಿ. ಆಗ ಯಾವ ಪೇಜ್, ಯಾವ ಇನ್‌ಸ್ಟಾಗ್ರಾಂ ಖಾತೆ, ಯಾವ ಅನುಮತಿ ಎಂಬ ಪಟ್ಟಿ ಬರುತ್ತದೆ. ಬೇಡದ ಪೇಜಿನ ಟಿಕ್ ತೆಗೆಯುವುದು ಸರಿ. ಆದರೆ ಬೇಕಾದ ಪೇಜಿಗೆ ‘ಪೋಸ್ಟ್ ರಚಿಸಲು’ ಎಂಬ ಅನುಮತಿಯನ್ನೇ ತೆಗೆದರೆ ಜೋಡಣೆ ಆದಂತೆ ಕಂಡರೂ ಪೋಸ್ಟ್ ಹೋಗುವುದಿಲ್ಲ. ಇನ್‌ಸ್ಟಾಗ್ರಾಂ ಖಾತೆ ಬಿಸಿನೆಸ್ ಅಥವಾ ಕ್ರಿಯೇಟರ್ ಬಗೆಯದಾಗಿರಬೇಕು. ಬಹಳಷ್ಟು ಆ್ಯಪುಗಳು ಅದನ್ನು ಫೇಸ್‌ಬುಕ್ ಪೇಜಿಗೆ ಜೋಡಿಸಿರಬೇಕೆಂದೂ ಕೇಳುತ್ತವೆ.

ಗೂಗಲ್ ಖಾತೆಯ ಮೂಲಕ ಲಾಗಿನ್ ಆಗುವ ಆ್ಯಪುಗಳಿಗೂ ಇದೇ ತತ್ವ. ಗೂಗಲ್ ಖಾತೆಯ ಸೆಕ್ಯುರಿಟಿ ವಿಭಾಗದಲ್ಲಿ ಹೊರಗಿನ ಆ್ಯಪುಗಳ ಪಟ್ಟಿ ಸಿಗುತ್ತದೆ.

ನಿಯಮವೇ ಬದಲಾದಾಗ

ಎಲ್ಲವೂ ಸರಿಯಿದ್ದು ಕೆಲಸ ಮಾತ್ರ ಆಗದಿದ್ದರೆ, ಜಾಲತಾಣವೇ ಆ ಸೌಲಭ್ಯವನ್ನು ಮುಚ್ಚಿರಬಹುದು. ಒಂದು ರಸಪ್ರಶ್ನೆ ಆ್ಯಪಿನ ಮೂಲಕ 8.7 ಕೋಟಿ ಜನರವರೆಗಿನ ಮಾಹಿತಿ ಕೇಂಬ್ರಿಜ್ ಅನಾಲಿಟಿಕಾ ಎಂಬ ಬ್ರಿಟನ್ನಿನ ರಾಜಕೀಯ ಸಲಹಾ ಸಂಸ್ಥೆಯ ಕೈಸೇರಿರಬಹುದೆಂದು 2018ರಲ್ಲಿ ಫೇಸ್‌ಬುಕ್ ಒಪ್ಪಿಕೊಂಡ ಮೇಲೆ ಹೊರಗಿನ ಆ್ಯಪುಗಳ ಮೇಲಿನ ಬಿಗಿ ಹೆಚ್ಚುತ್ತಲೇ ಬಂದಿದೆ. ಅದೇ ವರ್ಷದ ಆಗಸ್ಟ್‌ನಿಂದ ಅವು ವೈಯಕ್ತಿಕ ಪ್ರೊಫೈಲ್‌ಗೆ ತಾನಾಗಿ ಪೋಸ್ಟ್ ಮಾಡುವುದು ನಿಂತಿತು. 2024ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ ಗುಂಪುಗಳಿಗೆ ಪೋಸ್ಟ್ ಮಾಡುವ ದಾರಿ ಮುಚ್ಚಿತು. 2024ರ ಡಿಸೆಂಬರ್ 4ರಂದು, ಸಾಮಾನ್ಯ ಇನ್‌ಸ್ಟಾಗ್ರಾಂ ಖಾತೆಯ ಚಿತ್ರಗಳನ್ನು ಹೊರಗಿನ ವೆಬ್‌ಸೈಟಿನಲ್ಲಿ ತೋರಿಸುತ್ತಿದ್ದ ವ್ಯವಸ್ಥೆ ಕೊನೆಗೊಂಡಿತು. ಟ್ವಿಟರ್ (ಈಗಿನ ಎಕ್ಸ್) 2023ರಲ್ಲಿ ಹೊರಗಿನ ಆ್ಯಪುಗಳಿಗಿದ್ದ ಉಚಿತ ಸಂಪರ್ಕವನ್ನು ಬಹುಮಟ್ಟಿಗೆ ನಿಲ್ಲಿಸಿದ್ದರಿಂದ ಅದಕ್ಕೆ ಜೋಡಿಸಿದ್ದ ಅನೇಕ ಸಣ್ಣ ಆ್ಯಪುಗಳು ನಿಂತುಹೋದವು. ಇಂಥಲ್ಲಿ ಎಷ್ಟು ಬಾರಿ ಜೋಡಿಸಿದರೂ ಫಲವಿಲ್ಲ. ಗುಂಪಿಗೆ ಕೈಯಿಂದಲೇ ಹಂಚಿಕೊಳ್ಳಬೇಕು, ಖಾತೆಯನ್ನು ವೃತ್ತಿಪರ ಬಗೆಗೆ ಬದಲಿಸಿಕೊಳ್ಳಬೇಕು. ‘ಈಗಲೂ ಮಾಡಿಕೊಡುತ್ತೇವೆ’ ಎಂದು ನಿಮ್ಮ ಪಾಸ್‌ವರ್ಡನ್ನೇ ಕೇಳುವ ಆ್ಯಪಿನ ಹತ್ತಿರ ಸುಳಿಯಬೇಡಿ.

ಚಿತ್ರದ ಬಗೆ, ಅಳತೆಗಳೂ ಒಮ್ಮೊಮ್ಮೆ ಅಡ್ಡಿಯಾಗುತ್ತವೆ. ಹೊರಗಿನ ಆ್ಯಪಿನಿಂದ ಇನ್‌ಸ್ಟಾಗ್ರಾಂಗೆ ಹೋಗುವ ಚಿತ್ರ ಜೆಪೆಗ್ (ಹೆಸರಿನ ಕೊನೆಗೆ .jpg ಇರುವ) ಬಗೆಯದಿರಬೇಕು. ಒಂದೇ ಫೋಟೊ ಮಾತ್ರ ಹೋಗದಿದ್ದರೆ ಅದರ ಬಗೆಯನ್ನೂ ಅಳತೆಯನ್ನೂ ನೋಡಿ.

ವಾಟ್ಸ್‌ಆ್ಯಪ್‌ನ ಲೆಕ್ಕ ಬೇರೆ. ಕಂಪ್ಯೂಟರಿನಲ್ಲಿ ಜೋಡಿಸಿದ ವಾಟ್ಸ್‌ಆ್ಯಪ್ ತಾನಾಗಿ ಕಳಚಿದರೆ, ಮೂಲ ಫೋನಿನಲ್ಲಿ ಅದನ್ನು 14 ದಿನಕ್ಕಿಂತ ಹೆಚ್ಚು ಬಳಸದೆ ಬಿಟ್ಟಿದ್ದಿರೇ ನೋಡಿ. ಸಾಮಾನ್ಯ ಖಾತೆಗೆ ನಾಲ್ಕು ಸಾಧನಗಳನ್ನು ಜೋಡಿಸಬಹುದು. ಹಳೆಯ ಲ್ಯಾಪ್‌ಟಾಪ್, ಸೈಬರ್ ಕೆಫೆಯ ಕಂಪ್ಯೂಟರ್ ಇನ್ನೂ ಪಟ್ಟಿಯಲ್ಲಿದ್ದರೆ ತೆಗೆದುಹಾಕಿ. ಸಾವಿರ ಜನರಿಗೆ ಒಮ್ಮೆಲೇ ಸಂದೇಶ ಕಳುಹಿಸುವ, ಪ್ಲೇ ಸ್ಟೋರ್‌ನ ಹೊರಗೆ ಸಿಗುವ ಮಾರ್ಪಡಿಸಿದ ವಾಟ್ಸ್‌ಆ್ಯಪ್‌ಗಳನ್ನು ಬಳಸಿದರೆ ಖಾತೆಯೇ ನಿಷೇಧಕ್ಕೆ ಒಳಗಾಗುತ್ತದೆ. ವ್ಯಾಪಾರದ ನಂಬರನ್ನು ಹೀಗೆ ಕಳೆದುಕೊಂಡು ಹಳೆಯ ಗಿರಾಕಿಗಳನ್ನೆಲ್ಲ ಮತ್ತೆ ಹುಡುಕಬೇಕಾದವರನ್ನು ಕಂಡಿದ್ದೇನೆ. ಆ ನಷ್ಟ ದೊಡ್ಡದು.

ಸಹಾಯ ಕೇಳುವಾಗ

ಗೂಗಲ್‌ನಲ್ಲಿ ‘ಫೇಸ್‌ಬುಕ್ ಕಸ್ಟಮರ್ ಕೇರ್’ ಎಂದು ಹುಡುಕಿ ಸಿಕ್ಕ ನಂಬರಿಗೆ ಎಂದೂ ಕರೆ ಮಾಡಬೇಡಿ. ಅತ್ತ ಕಡೆಯವರು ಫೋನಿನ ಪರದೆ ಹಂಚುವ ಆ್ಯಪ್ ಹಾಕಿಸಿ, ಓಟಿಪಿ ಪಡೆದು, ಬ್ಯಾಂಕ್ ಖಾತೆಗೆ ಕೈ ಹಾಕುತ್ತಾರೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಆ್ಯಪಿನ ತೊಡಕಿಗೆ ಆ್ಯಪಿನೊಳಗೇ ಇರುವ ‘ಹೆಲ್ಪ್’ ವಿಭಾಗದಿಂದ ಬರೆಯಿರಿ. ಬರೆಯುವಾಗ ‘ಆ್ಯಪ್ ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಹೇಳಿದರೆ ಪರಿಹಾರ ಸಿಗುವುದಿಲ್ಲ. ಯಾವ ದಿನ ಎಷ್ಟು ಹೊತ್ತಿಗೆ, ಯಾವ ಪೇಜಿಗೆ, ಪರದೆಯಲ್ಲಿ ಬಂದ ದೋಷದ ಸಂದೇಶದ ಪೂರ್ತಿ ಮಾತುಗಳು, ಫೋನಿನ ಮಾದರಿ, ಆ್ಯಪಿನ ಆವೃತ್ತಿ, ನೇರ ಪೋಸ್ಟ್ ಹೋಗುತ್ತದೆಯೇ ಇಲ್ಲವೇ, ಇವಿಷ್ಟನ್ನು ಸ್ಕ್ರೀನ್‌ಶಾಟ್ ಸಮೇತ ಕಳುಹಿಸಿ.

ಸಂಘದ ಪೇಜಿಗೆ ಈಗ ಊರಿನಲ್ಲೇ ಇರುವ ಇಬ್ಬರು ನಿರ್ವಾಹಕಿಯರಿದ್ದಾರೆ. ಎರಡು ಹಂತದ ದೃಢೀಕರಣದ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಲೆಕ್ಕದ ಪುಸ್ತಕದೊಂದಿಗೆ ಬೀರುವಿನಲ್ಲಿಟ್ಟಿದ್ದಾರೆ. ಅಂದು ಸಂಜೆ ಹೊಸ ಜೋಡಣೆಯಾದ ಮೇಲೆ ಹಿರಿಯಾಕೆ ತಮ್ಮ ಖಾತೆಯಿಂದಲೇ ಸಜ್ಜೆ ರೊಟ್ಟಿಯ ಫೋಟೊವನ್ನು ಮರುದಿನ ಬೆಳಿಗ್ಗೆ ಏಳಕ್ಕೆ ಗೊತ್ತುಪಡಿಸಿದರು. ಏಳು ಗಂಟೆ ಐದು ನಿಮಿಷಕ್ಕೆ ಪೋಸ್ಟ್ ಬಂದಿದೆಯೆಂದು ಹೈದರಾಬಾದಿನಿಂದ ಮಗನೇ ಫೋನ್ ಮಾಡಿ ತಿಳಿಸಿದ.