ಮೊದಲು ಶಾಲೆ, ಆಮೇಲೆ ಮನೆ: ಮ್ಯೂನಿಕ್‌ನಲ್ಲಿ ನನ್ನ ಅನುಭವ

2021ರ ಆಗಸ್ಟ್‌ನಲ್ಲಿ ನಾವು ಬೆಂಗಳೂರಿನಿಂದ ಮ್ಯೂನಿಕ್‌ಗೆ ಬಂದಾಗ ಮಗಳಿಗೆ ಏಳು ವರ್ಷ, ಮಗನಿಗೆ ಮೂರು. ಮಗಳನ್ನು ಜರ್ಮನ್ ಸರ್ಕಾರಿ ಶಾಲೆಗೇ ಸೇರಿಸುತ್ತೇವೆ ಎಂದಾಗ ಇಲ್ಲಿನ ಪರಿಚಿತರಲ್ಲಿ ಹೆಚ್ಚಿನವರು ಬೇಡವೆಂದರು. ಭಾಷೆ ಬಾರದ ಮಗು ಎರಡನೇ ತರಗತಿಗೆ ಸೇರಿ, ನಾಲ್ಕನೆಯದರಲ್ಲಿ ಗಿಮ್ನಾಜಿಯಂಗೆ, ಅಂದರೆ ವಿಶ್ವವಿದ್ಯಾಲಯದ ಓದಿಗೆ ಒಯ್ಯುವ ಪ್ರೌಢಶಾಲೆಗೆ, ಅರ್ಹತೆ ಪಡೆಯುವುದು ಆಗದ ಮಾತು ಎಂಬುದು ಅವರ ವಾದವಾಗಿತ್ತು. 2024ರ ಮೇ ಆರಂಭದಲ್ಲಿ ಅವಳು ತಂದ ಪ್ರಮಾಣಪತ್ರದಲ್ಲಿ ಮೂರು ಮುಖ್ಯ ವಿಷಯಗಳ ಸರಾಸರಿ 2.0 ಇತ್ತು. ಇಲ್ಲಿ 1 ಎಂದರೆ ಅತ್ಯುತ್ತಮ, ಅಂಕ ಕಡಿಮೆಯಿದ್ದಷ್ಟೂ ಒಳ್ಳೆಯದು; ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಬೇಕಾದದ್ದು 2.33ರೊಳಗೆ.

ಅಂತರರಾಷ್ಟ್ರೀಯ ಶಾಲೆಗೂ ಅರ್ಜಿ ಹಾಕಿದ್ದೆವು. ವರ್ಷದ ಶುಲ್ಕ 20,000 ಯೂರೋ ದಾಟಿತ್ತು, ಕಂಪನಿ ಕೊಡುತ್ತಿದ್ದದ್ದು ಮೊದಲ ವರ್ಷದ್ದು ಮಾತ್ರ. ಆ ಹಣ ನಿಂತ ಮೇಲೆ ಮಗಳು ಮೂರನೇ ತರಗತಿಯಲ್ಲಿ ಜರ್ಮನ್ ಶಾಲೆಗೆ ಬರಲೇಬೇಕಿತ್ತು. ಆಗ ನಾಲ್ಕನೇ ತರಗತಿಗೆ ಮುನ್ನ ಭಾಷೆ ಕಲಿಯಲು ಅವಳಿಗೆ ಉಳಿಯುತ್ತಿದ್ದದ್ದು ಒಂದೇ ವರ್ಷ. ಅರ್ಜಿಗೆ ಕಟ್ಟಿದ ಸುಮಾರು 200 ಯೂರೋ ಹೋದರೆ ಹೋಗಲಿ ಎಂದು ಕೈಬಿಟ್ಟೆವು.

ನಮ್ಮ ದೊಡ್ಡ ತಪ್ಪು ಮನೆಯದು. ಪ್ರಾಥಮಿಕ ಶಾಲೆಯನ್ನು ಇಲ್ಲಿ ನಾವು ಆರಿಸುವುದಿಲ್ಲ, ನೋಂದಾಯಿಸಿದ ವಿಳಾಸವೇ ಆರಿಸುತ್ತದೆ ಎಂಬುದು ಗೊತ್ತಿದ್ದೂ, ತಿಂಗಳಿಗೆ ಸುಮಾರು 2,600 ಯೂರೋ ತೆತ್ತು ಸಜ್ಜಿತ ತಾತ್ಕಾಲಿಕ ಮನೆಯೊಂದಕ್ಕೆ ಇಳಿದೆವು. ಸೆಪ್ಟೆಂಬರ್ ಮಧ್ಯದಲ್ಲಿ ಮಗಳು ಆ ವಲಯದ ಶಾಲೆಗೆ ಸೇರಿದಳು. ಗೆಳತಿಯೊಬ್ಬಳು ಸಿಕ್ಕಳು ಎನ್ನುವಷ್ಟರಲ್ಲಿ ಕರಾರಿನ ಅವಧಿ ಮುಗಿಯಿತು. ಅದೇ ಶಾಲೆಯಲ್ಲಿ ಮುಂದುವರಿಯಲು ಕೊಟ್ಟ ಅರ್ಜಿ ತಿರಸ್ಕೃತವಾಯಿತು. ಆ ವಾರ ಅವಳು ಅತ್ತದ್ದನ್ನು ನಾನು ಮರೆತಿಲ್ಲ.

ಎರಡನೇ ಸಲ ಮನೆಯ ಜಾಹೀರಾತುಗಳನ್ನು ಮುಟ್ಟುವ ಮೊದಲೇ ಏಳೆಂಟು ಶಾಲೆಗಳಿಗೆ ಫೋನ್ ಮಾಡಿದೆ. ಕೇಳಿದ್ದು ಎರಡೇ ಪ್ರಶ್ನೆ: ಜರ್ಮನ್ ಬಾರದ ಮಕ್ಕಳಿಗೆ ಪ್ರತ್ಯೇಕ ಪಾಠವಿದೆಯೇ, ಮಧ್ಯಾಹ್ನದ ಪಾಲನೆಗೆ ಜಾಗವಿದೆಯೇ. ಎರಡನೆಯದೇ ಹೆಚ್ಚು ಮುಖ್ಯ, ಏಕೆಂದರೆ ತರಗತಿ ಹನ್ನೊಂದೂವರೆಯಿಂದ ಒಂದು ಗಂಟೆಯೊಳಗೆ ಮುಗಿಯುತ್ತದೆ. ಅಲ್ಲಿಂದಾಚೆ ಮಗುವಿಗೆ ಜಾಗ ಸಿಗದಿದ್ದರೆ ತಂದೆತಾಯಿಯಲ್ಲೊಬ್ಬರು ಕೆಲಸ ಬಿಡಬೇಕಾಗುತ್ತದೆ. ಎರಡಕ್ಕೂ ಹೌದೆಂದ ಎರಡು ಶಾಲೆಗಳ ವಲಯದ ಬೀದಿಗಳನ್ನು ಗುರುತು ಹಾಕಿಕೊಂಡು, ಅಲ್ಲಿ ಮಾತ್ರ ಮನೆ ಹುಡುಕಿದೆವು. ಮ್ಯೂನಿಕ್‌ನಲ್ಲಿ ಸಿಕ್ಕಿದ ಮನೆ ಹಿಡಿಯುವುದು ಬಿಟ್ಟು ಬೀದಿ ಆರಿಸುತ್ತೀರಾ ಎಂದು ನಕ್ಕವರಿದ್ದಾರೆ. ಅರವತ್ತಕ್ಕೂ ಹೆಚ್ಚು ಅರ್ಜಿಗಳನ್ನು ಕಳಿಸಿ, ಆರೋ ಏಳೋ ಮನೆಗಳನ್ನು ನೋಡಿ, ಕೊನೆಗೆ 1,900 ಯೂರೋ ಬಾಡಿಗೆಗೆ ಒಂದನ್ನು ಹಿಡಿದೇಬಿಟ್ಟೆವು. ಮಾಲೀಕರಿಗೆ ಬರೆದ ಪತ್ರದಲ್ಲಿ ಏನಿತ್ತೆಂಬುದನ್ನು ಇಲ್ಲಿ ಹೇಳುವುದಿಲ್ಲ. ಅದು ನಮಗೇ ಮತ್ತೆ ಬೇಕಾಗಬಹುದು.

ಓದಿನಲ್ಲಿ ಭಾಷೆಗಿಂತ ಮೊದಲು ತೊಡಕಾದದ್ದು ಗಣಿತ. ಜರ್ಮನ್‌ನಲ್ಲಿ ಇಪ್ಪತ್ತನಾಲ್ಕನ್ನು 'ಫಿಯರ್-ಉಂಟ್-ಸ್ವಾನ್ಸಿಗ್', ಅಂದರೆ ನಾಲ್ಕು ಮತ್ತು ಇಪ್ಪತ್ತು ಎನ್ನುತ್ತಾರೆ. ಮಗಳು ಕೇಳಿದ ಕ್ರಮದಲ್ಲೇ 42 ಎಂದು ಬರೆಯುತ್ತಿದ್ದಳು. ಲೆಕ್ಕ ಸರಿಯಿದ್ದೂ ಉತ್ತರ ತಪ್ಪಾಗಿ, ಪುಸ್ತಕದ ತುಂಬ ಕೆಂಪು ಗುರುತು. ರಾತ್ರಿ ಊಟದ ಹೊತ್ತಿಗೆ ನಾನು ಕನ್ನಡದಲ್ಲಿ ಸಂಖ್ಯೆ ಹೇಳುವುದು, ಅವಳು ಜರ್ಮನ್‌ನಲ್ಲಿ ಮರುನುಡಿಯುವುದು ಎಂದು ಶುರುಮಾಡಿದೆವು. ಎರಡು ತಿಂಗಳಲ್ಲಿ ಆ ತೊಡಕು ನಿಂತಿತು.

ನಡುವೆ ಗಂಟೆಗೆ 35 ಯೂರೋದಂತೆ ಮನೆಪಾಠವನ್ನೂ ಇಟ್ಟು ನೋಡಿದೆವು. ಆರು ವಾರ ಕಳೆದರೂ ಫಲ ಕಾಣಲಿಲ್ಲ. ಆ ಹಣದ ಸಣ್ಣ ಪಾಲಿನಲ್ಲಿ ಬಡಾವಣೆಯ ಕ್ರೀಡಾ ಸಂಘಕ್ಕೆ ಸೇರಿಸಿದ್ದೇ ಅವಳಿಗೆ ಮಾತು ಕಲಿಸಿತು. ಗ್ರಂಥಾಲಯದಿಂದ ತಂದ ಧ್ವನಿಕಥೆಗಳನ್ನು ಒಂದೇ ಕಥೆ ಹತ್ತು ಸಲದಂತೆ ಕೇಳಿಸಿದೆವು.

ಹೊರಡುವವರು ಒಂದು ಕಾಗದವನ್ನು ಊರಿನಲ್ಲೇ ಸರಿಮಾಡಿಕೊಳ್ಳಬೇಕು. 2020ರ ಮಾರ್ಚ್‌ನಿಂದ ಇಲ್ಲಿ ಶಾಲೆಗೆ ಸೇರಲು ದಡಾರ ಲಸಿಕೆಯ ಪುರಾವೆ ಕಡ್ಡಾಯ. ನಮ್ಮ ಕೈಬರಹದ ಲಸಿಕೆ ಚೀಟಿಯಲ್ಲಿ ಎರಡನೇ ಡೋಸಿನ ದಿನಾಂಕ ಮಾಸಿಹೋಗಿತ್ತು, ಆ ಒಂದು ದಿನಾಂಕಕ್ಕಾಗಿ ಎರಡು ವಾರ ಓಡಾಡಿದೆವು. ಮಗನ ದಾಖಲಾತಿಯ ಹೊತ್ತಿಗೆ ವೈದ್ಯರಿಂದ ಅಚ್ಚುಕಟ್ಟಾದ ಹೊಸ ಲಸಿಕೆ ಪುಸ್ತಕ ಮಾಡಿಸಿಟ್ಟುಕೊಂಡಿದ್ದೆವು. ಅವನು ಅಕ್ಕ ಓದಿದ ಶಾಲೆಗೇ ಸೇರಿದ್ದಾನೆ.