‘ಸ್ಯಾಂಕ್ಷನ್’ ಪದವನ್ನು ನಾನು ಕನ್ನಡಕ್ಕೆ ತರುವ ಬಗೆ

ಆಡಳಿತದ ಕಡತಗಳು, ನ್ಯಾಯಾಲಯದ ಆದೇಶಗಳು ಮತ್ತು ವಿದೇಶದ ಸುದ್ದಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದೇ ನನ್ನ ವೃತ್ತಿ. ಈ ಮೂರೂ ಕಡೆ ಕಾಣಿಸಿಕೊಂಡು, ಮೂರೂ ಕಡೆ ಬೇರೆ ಬೇರೆ ಎಚ್ಚರವನ್ನು ಬೇಡುವ ಪದವೆಂದರೆ ‘ಸ್ಯಾಂಕ್ಷನ್’. ಸಾಲ ಸ್ಯಾಂಕ್ಷನ್ ಆಯಿತೆಂದರೆ ಕೈಗೆ ಹಣ ಬರುತ್ತದೆ. ಒಂದು ಕಂಪನಿಯ ಮೇಲೆ ಸ್ಯಾಂಕ್ಷನ್ ಬಿತ್ತೆಂದರೆ ಹೊರದೇಶದ ಬ್ಯಾಂಕಿನಲ್ಲಿರುವ ಅದರ ಹಣ ಅಲ್ಲೇ ಸಿಕ್ಕಿಬೀಳುತ್ತದೆ. ಒಪ್ಪಿಗೆಯನ್ನೂ ಶಿಕ್ಷೆಯನ್ನೂ ಒಂದೇ ಪದ ಹೇಳುವುದರಿಂದ, ನಿಘಂಟಿನಲ್ಲಿರುವ ಪರ್ಯಾಯ ಪದಗಳ ಸಾಲನ್ನು ನೋಡಿ ಮೊದಲನೆಯದನ್ನು ಎತ್ತಿಕೊಳ್ಳುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಇದರ ಬೇರನ್ನು ತಿಳಿದುಕೊಂಡದ್ದು ನನಗೆ ಬಹಳ ನೆರವಾಗಿದೆ. ಲ್ಯಾಟಿನ್ ಭಾಷೆಯ ‘ಸಾಂಕೀರೆ’ ಎಂಬ ಕ್ರಿಯಾಪದಕ್ಕೆ ಪವಿತ್ರಗೊಳಿಸು, ಮೀರಬಾರದಂತೆ ವಿಧಿಸು ಎಂಬ ಅರ್ಥಗಳಿವೆ. ಸಂತನನ್ನು ಹೇಳುವ ‘ಸೇಂಟ್’ ಕೂಡ ಅದೇ ಬೇರಿನಿಂದ ಬಂದದ್ದು. ರೋಮನ್ ಕಾನೂನಿನಲ್ಲಿ ‘ಸಾಂಕ್ಟಿಯೊ’ ಎಂದರೆ ಶಾಸನವೊಂದನ್ನು ಮೀರಿದವರಿಗೆ ಏನು ದಂಡನೆ ಎಂಬುದನ್ನು ಗೊತ್ತುಪಡಿಸುವ ಭಾಗ. ಶಾಸನಕ್ಕೆ ಬಲ ಕೊಡುವುದು ಮತ್ತು ಅದನ್ನು ಮುರಿದವನನ್ನು ದಂಡಿಸುವುದು ಒಂದೇ ಅಧಿಕಾರದ ಎರಡು ಕೆಲಸಗಳು ಎಂಬುದು ಮನಸ್ಸಿಗೆ ಬಂದ ಮೇಲೆ ಈ ವಿರೋಧ ನನಗೆ ವಿಚಿತ್ರವಾಗಿ ಕಾಣುವುದು ನಿಂತಿತು. ಅಧಿಕಾರವುಳ್ಳ ಒಬ್ಬರು ಅಲ್ಲಿ ಇದ್ದೇ ಇರುತ್ತಾರೆ. ಅವರು ಕೊಡುತ್ತಿದ್ದಾರೆಯೋ ಹೇರುತ್ತಿದ್ದಾರೆಯೋ ಎಂಬುದನ್ನಷ್ಟೇ ನಾನು ವಾಕ್ಯದಲ್ಲಿ ಹುಡುಕಬೇಕು.

ವ್ಯಾಕರಣವೇ ಅನೇಕ ಸಲ ಉತ್ತರ ಕೊಟ್ಟುಬಿಡುತ್ತದೆ. ನಾಮಪದ ಬಹುವಚನದಲ್ಲಿದ್ದು, ಅದರ ಬೆನ್ನಿಗೆ ‘ಆನ್’ ಅಥವಾ ‘ಅಗೇನ್ಸ್ಟ್’ ಬಂದಿದ್ದರೆ ಬಹುಮಟ್ಟಿಗೆ ದಂಡನೆಯ ಅರ್ಥವೇ. ಏಕವಚನದಲ್ಲಿದ್ದು ‘ಫಾರ್’ ಎಂಬುದರ ಜೊತೆ ಬಂದಿದ್ದರೆ, ಅಥವಾ ಹಣ, ಹುದ್ದೆ, ನಕ್ಷೆ, ರಜೆಗಳ ಸಂದರ್ಭದಲ್ಲಿ ಬಂದಿದ್ದರೆ, ಅದು ಒಪ್ಪಿಗೆ. ಕ್ರಿಯಾಪದವಾಗಿ ಇದು ಹಿಂದೆ ಮುಖ್ಯವಾಗಿ ಒಪ್ಪಿಗೆಯನ್ನೇ ಹೇಳುತ್ತಿತ್ತು. ಈಗಿನ ಸುದ್ದಿಗಳಲ್ಲಿ ದಂಡನೆಯ ಅರ್ಥವೂ ಅಷ್ಟೇ ಬಳಕೆಯಲ್ಲಿದೆ.

ನಿಜವಾದ ತೊಡಕಿರುವುದು ‘ಸ್ಯಾಂಕ್ಷನ್ಡ್’ ಎಂಬ ವಿಶೇಷಣದಲ್ಲಿ. ‘ಸ್ಟೇಟ್-ಸ್ಯಾಂಕ್ಷನ್ಡ್’ ಹಿಂಸೆ ಎಂದರೆ ಪ್ರಭುತ್ವವೇ ಸಮ್ಮತಿಸಿದ ಹಿಂಸೆ. ‘ಯುಎಸ್-ಸ್ಯಾಂಕ್ಷನ್ಡ್’ ತೈಲ ಹಡಗು ಎಂದರೆ ಅಮೆರಿಕದ ನಿರ್ಬಂಧಕ್ಕೆ ಒಳಗಾದ ಹಡಗು. ಎರಡರ ಕಟ್ಟಡ ಒಂದೇ, ಅರ್ಥ ತದ್ವಿರುದ್ಧ. ‘ಯುಎನ್-ಸ್ಯಾಂಕ್ಷನ್ಡ್’ ಎಂಬುದಂತೂ ಸೈನ್ಯಕ್ಕೆ ವಿಶೇಷಣವಾಗಿ ಬಂದರೆ ವಿಶ್ವಸಂಸ್ಥೆಯ ಅಧಿಕಾರ ಪಡೆದದ್ದು ಎಂದೂ, ವ್ಯಕ್ತಿಗೆ ವಿಶೇಷಣವಾಗಿ ಬಂದರೆ ವಿಶ್ವಸಂಸ್ಥೆ ಕಡಿವಾಣ ಹಾಕಿದವನು ಎಂದೂ ಆಗುತ್ತದೆ. ಇರಾಕ್‌ನ ಪ್ರಕರಣದಲ್ಲಿ ಒಂದೇ ಕತೆಯೊಳಗೆ ಎರಡೂ ಬರುತ್ತವೆ: 1990ರ ಆಗಸ್ಟ್‌ನಲ್ಲಿ ಭದ್ರತಾ ಮಂಡಳಿಯ 661ನೇ ನಿರ್ಣಯ ಇರಾಕ್ ಮೇಲೆ ಆರ್ಥಿಕ ನಿರ್ಬಂಧ ಹೇರಿತು, ಅದೇ ವರ್ಷದ ನವೆಂಬರ್‌ನಲ್ಲಿ 678ನೇ ನಿರ್ಣಯ, ಇರಾಕ್ ಕುವೈತ್‌ನಿಂದ ಹಿಂದೆ ಸರಿಯದಿದ್ದರೆ ಅಗತ್ಯವಾದ ಎಲ್ಲ ಮಾರ್ಗಗಳನ್ನೂ ಬಳಸಲು ಸದಸ್ಯ ರಾಷ್ಟ್ರಗಳಿಗೆ ಅಧಿಕಾರ ಕೊಟ್ಟಿತು. ಈ ಬಗೆಯ ಬರಹ ಕೈಗೆ ಬಂದಾಗ ಪ್ರತಿ ಸಲವೂ ಪದದ ಪಕ್ಕದಲ್ಲಿ ಪೆನ್ಸಿಲ್‌ನಿಂದ ‘ಕೊಟ್ಟದ್ದು’ ಅಥವಾ ‘ಹೇರಿದ್ದು’ ಎಂದು ಗುರುತು ಹಾಕಿಕೊಂಡ ಮೇಲೆಯೇ ಕನ್ನಡ ವಾಕ್ಯ ಬರೆಯಲು ಕೂರುತ್ತೇನೆ.

ಅರ್ಥ ಗೊತ್ತಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಒಪ್ಪಿಗೆಯ ಕಡೆಯಲ್ಲೇ ಅನುಮತಿ, ಅನುಮೋದನೆ, ಸಮ್ಮತಿ, ಮಂಜೂರಾತಿ ಎಂದು ಹಲವು ಪದಗಳಿದ್ದು, ಅವುಗಳಲ್ಲಿ ಯಾವೆರಡೂ ಒಂದೇ ಅಲ್ಲ. ಕೇಳಿದವನಿಗೆ ಕೊಡುವುದು ಅನುಮತಿ. ಕೆಳಗಿನವರು ಸಿದ್ಧಪಡಿಸಿದ್ದನ್ನು ಮೇಲಿನವರು ನೋಡಿ ಒಪ್ಪುವುದು ಅನುಮೋದನೆ. ಹಣವೋ ಹುದ್ದೆಯೋ ಇಂತವರಿಗೆ ಇಷ್ಟು ಎಂದು ಗೊತ್ತಾಗುವಲ್ಲಿ ನಮ್ಮ ಕಚೇರಿಗಳ ಮಾತು ಮಂಜೂರು. ಪರ್ಷಿಯನ್ ಆಡಳಿತ ಭಾಷೆಯ ಮೂಲಕ ಬಂದ ಈ ಪದ ‘ನಜರು’ ಎಂಬುದರ ನಂಟಿನದು, ಕಣ್ಣಿಗೆ ಬಿದ್ದು ಒಪ್ಪಿಗೆಯಾದದ್ದು ಎಂಬ ಭಾವ ಅದರಲ್ಲಿದೆ. ಅದನ್ನು ಪರಕೀಯವೆಂದು ತೆಗೆದುಹಾಕಿ ಸಂಸ್ಕೃತದ ಪದ ತುಂಬುವವರ ಜೊತೆ ನನಗೆ ಸಹಮತವಿಲ್ಲ, ಏಕೆಂದರೆ ‘ಸಾಲ ಮಂಜೂರಾಯಿತು’ ಎಂಬುದು ಹಳ್ಳಿಯ ರೈತನಿಗೂ ತಕ್ಷಣ ತಿಳಿಯುತ್ತದೆ. ಲೋಕೋಪಯೋಗಿ ಕಾಮಗಾರಿಯ ಕಡತದಲ್ಲಿ ಮೊದಲು ‘ಆಡಳಿತಾತ್ಮಕ ಅನುಮೋದನೆ’, ಆಮೇಲೆ ‘ತಾಂತ್ರಿಕ ಮಂಜೂರಾತಿ’ ಎಂದು ಎರಡು ಹಂತಗಳಿರುತ್ತವೆ. ಕಾಮಗಾರಿ ಬೇಕೆಂದು ಇಲಾಖೆ ಒಪ್ಪುವುದು ಮೊದಲನೆಯದು, ಅಂದಾಜುಪಟ್ಟಿ ತಾಂತ್ರಿಕವಾಗಿ ಸರಿಯಿದೆ ಎಂದು ಎಂಜಿನಿಯರ್ ಒಪ್ಪುವುದು ಎರಡನೆಯದು. ಒಂದೇ ಪದ ಮರುಕಳಿಸುತ್ತದೆಂದು ಚಂದಕ್ಕಾಗಿ ಇವನ್ನು ಅದಲುಬದಲು ಮಾಡಿದರೆ ಓದುವವನಿಗೆ ಕಾಮಗಾರಿ ಯಾವ ಹಂತದಲ್ಲಿದೆ ಎಂಬುದೇ ತಿಳಿಯದು.

ಕಾನೂನಿನಲ್ಲಿ ಈ ಭೇದ ಇನ್ನೂ ಗಟ್ಟಿ. ಭ್ರಷ್ಟಾಚಾರ ತಡೆ ಕಾಯ್ದೆ, 1988ರ 19ನೇ ಕಲಂ, ನ್ಯಾಯಾಲಯ ಸಾರ್ವಜನಿಕ ನೌಕರನ ಮೇಲಿನ ಆರೋಪವನ್ನು ವಿಚಾರಣೆಗೆ ಎತ್ತಿಕೊಳ್ಳುವ ಮುಂಚೆ ಬೇಕಾದ ‘ಸ್ಯಾಂಕ್ಷನ್’ ಕುರಿತು ಹೇಳುತ್ತದೆ. 2018ರಲ್ಲಿ ಸೇರಿಸಿದ 17ಎ ಕಲಂ, ತನಿಖೆಗೇ ಮುಂಚೆ ಬೇಕಾದ ‘ಅಪ್ರೂವಲ್’ ಕುರಿತು ಹೇಳುತ್ತದೆ. ಅವಸರದ ಸುದ್ದಿಯಲ್ಲಿ ಎರಡಕ್ಕೂ ‘ಅನುಮತಿ’ ಎಂದೇ ಬರೆಯುವುದುಂಟು. ಆದರೆ 2024ರ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ನಿವೇಶನ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್, ರಾಜ್ಯಪಾಲರ ಆದೇಶವನ್ನು 17ಎ ಅಡಿಯ ಅಪ್ರೂವಲ್ ಎಂದಷ್ಟೇ ಓದಬೇಕು, ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಮಿನ ಸ್ಯಾಂಕ್ಷನ್ ಎಂದಲ್ಲ ಎಂದು ಹೇಳಿತು. ಎರಡಕ್ಕೂ ಒಂದೇ ಕನ್ನಡ ಪದ ಬಳಸಿದರೆ ಆ ವಾಕ್ಯವನ್ನು ಬರೆಯುವುದೇ ಅಸಾಧ್ಯ. ಆದ್ದರಿಂದ ನಾನು 17ಎಗೆ ‘ಪೂರ್ವಾನುಮೋದನೆ’ ಎಂದೂ, 19 ಮತ್ತು 218ಕ್ಕೆ ‘ಪೂರ್ವ ಮಂಜೂರಾತಿ’ ಎಂದೂ ಕಟ್ಟುನಿಟ್ಟಾಗಿ ಬರೆಯುತ್ತೇನೆ, ಮೊದಲ ಬಳಕೆಯಲ್ಲಿ ಕಲಮಿನ ಸಂಖ್ಯೆಯನ್ನೂ ಜೊತೆಗೆ ಕೊಡುತ್ತೇನೆ.

ದಂಡನೆಯ ಕಡೆಯಲ್ಲಿ ನಿರ್ಬಂಧ, ನಿಷೇಧ, ಬಹಿಷ್ಕಾರ, ದಿಗ್ಬಂಧನಗಳು ಸಾಲಾಗಿ ನಿಲ್ಲುತ್ತವೆ. ಪತ್ರಿಕೆಗಳಿಗೆ ‘ಆರ್ಥಿಕ ದಿಗ್ಬಂಧನ’ ಬಹಳ ಪ್ರಿಯ. ನಾನು ಅದನ್ನು ಬಿಟ್ಟಿದ್ದೇನೆ. ದಿಕ್ಕುಗಳನ್ನೆಲ್ಲ ಕಟ್ಟಿಹಾಕುವುದು ದಿಗ್ಬಂಧನ. ಇಂಗ್ಲಿಷಿನ ‘ಬ್ಲಾಕೇಡ್’ಗೆ ಅದು ತಕ್ಕ ಮಾತು. ವಿಶ್ವಸಂಸ್ಥೆಯ ಸನ್ನದಿನಲ್ಲಿಯೂ ಆರ್ಥಿಕ ಸಂಬಂಧ ಕಡಿಯುವ ಕ್ರಮಗಳು 41ನೇ ವಿಧಿಯಲ್ಲಿದ್ದರೆ, ಬ್ಲಾಕೇಡ್ ಸೈನಿಕ ಕ್ರಮಗಳ ಜೊತೆ 42ನೇ ವಿಧಿಯಲ್ಲಿದೆ. 1962ರ ಅಕ್ಟೋಬರ್‌ನಲ್ಲಿ ಕ್ಯೂಬಾದ ಸುತ್ತ ಅಮೆರಿಕದ ಯುದ್ಧನೌಕೆಗಳು ನಿಂತಾಗ, ಬ್ಲಾಕೇಡ್ ಎಂದರೆ ಯುದ್ಧಕೃತ್ಯವೆನಿಸುತ್ತದೆ ಎಂದು ಅಧ್ಯಕ್ಷ ಕೆನಡಿ ‘ಕ್ವಾರಂಟೈನ್’ ಎಂಬ ಪದವನ್ನು ಆರಿಸಿಕೊಂಡರು. 1998ರ ಮೇ ತಿಂಗಳ ಪೋಖರಣ್ ಪರೀಕ್ಷೆಗಳ ನಂತರ ಅಮೆರಿಕ ಭಾರತದ ಮೇಲೆ ಹೇರಿದ್ದರಲ್ಲಿ ನೆರವಿನ ಕಡಿತವಿತ್ತು, ಅಂತರರಾಷ್ಟ್ರೀಯ ಸಂಸ್ಥೆಗಳ ಸಾಲಕ್ಕೆ ವಿರೋಧವಿತ್ತು. ನಮ್ಮ ಬಂದರುಗಳಿಗೆ ಹಡಗುಗಳು ಬಂದು ಹೋಗುತ್ತಲೇ ಇದ್ದವು. ಅದನ್ನು ದಿಗ್ಬಂಧನವೆಂದರೆ ಆಗದ ಸಂಗತಿಯನ್ನು ಹೇಳಿದಂತಾಗುತ್ತದೆ. ‘ನಿರ್ಬಂಧ’ ಸಾಕು, ಮತ್ತು ಅದೇ ಸರಿ. ‘ಎಂಬಾರ್ಗೊ’ ಎಂದಿದ್ದಾಗ ಮಾತ್ರ ‘ವ್ಯಾಪಾರ ನಿಷೇಧ’ ಬರೆಯುತ್ತೇನೆ.

ನ್ಯಾಯಶಾಸ್ತ್ರದ ಪಠ್ಯಗಳಲ್ಲಿ ಈ ಎರಡು ಗುಂಪಿನ ಪದಗಳಲ್ಲಿ ಯಾವುದೂ ಒಗ್ಗುವುದಿಲ್ಲ. ಇಂಗ್ಲಿಷ್ ನ್ಯಾಯಶಾಸ್ತ್ರಜ್ಞ ಜಾನ್ ಆಸ್ಟಿನ್ ಕಾನೂನನ್ನು ಸಾರ್ವಭೌಮನ ಆಜ್ಞೆ ಎಂದು ಕರೆದು, ಆಜ್ಞೆ ಮೀರಿದರೆ ತಟ್ಟುವ ಕೇಡನ್ನು ಸ್ಯಾಂಕ್ಷನ್ ಎಂದರು, ಬಹುಮಾನವನ್ನು ಅದರಿಂದ ಹೊರಗಿಟ್ಟರು. ಅಲ್ಲಿ ‘ದಂಡಭಯ’ ಚೆನ್ನಾಗಿ ಕೂರುತ್ತದೆ. ಅವರಿಗಿಂತ ಹಿಂದಿನ ಇಂಗ್ಲಿಷ್ ತತ್ವಜ್ಞಾನಿ ಜೆರೆಮಿ ಬೆಂಥಾಮ್ ಭೌತಿಕ, ರಾಜಕೀಯ, ನೈತಿಕ, ಧಾರ್ಮಿಕ ಎಂದು ನಾಲ್ಕು ಸ್ಯಾಂಕ್ಷನ್‌ಗಳನ್ನು ಹೇಳುವಾಗ ಸುಖವನ್ನೂ ದುಃಖವನ್ನೂ ಒಳಗೇ ಸೇರಿಸಿಕೊಂಡಿದ್ದರಿಂದ, ಅಲ್ಲಿ ದಂಡಭಯ ಎನ್ನಲಾಗದು. ಬೆಂಥಾಮ್‌ಗೆ ನಾನು ‘ಪ್ರೇರಕಬಲ’ ಎಂದು ಬರೆದು, ಅದರ ಅರ್ಥವನ್ನು ಮುಂದಿನ ವಾಕ್ಯದಲ್ಲೇ ಬಿಡಿಸಿ ಹೇಳುತ್ತೇನೆ.