ಮೇರುವಿಗೆ 32 ಸೆಂಟಿಮೀಟರ್, ನಮಗೆ 8 ಮಿಲಿಮೀಟರ್

ಮೊದಲ ಸಲ ಮೇರು ಪರ್ವತದ ಥಂಕಾ, ಅಂದರೆ ಬಟ್ಟೆಯ ಮೇಲಿನ ಟಿಬೆಟನ್ ಬೌದ್ಧ ಚಿತ್ರ, ಬರೆಯಲು ಕೂತಾಗ ನನ್ನ ಕೈಯಲ್ಲಿ ಕ್ಯಾಲ್ಕುಲೇಟರ್ ಇತ್ತು. ಬೈಲುಕುಪ್ಪೆಯಲ್ಲಿ ನನಗೆ ಕಲಿಸುತ್ತಿದ್ದ ಗೆನ್‌ಲಾ ಅದನ್ನು ನೋಡಿ ಸುಮ್ನೆ ನಕ್ಕರು. ಗೆನ್‌ಲಾ ಅಂದರೆ ಟಿಬೆಟನ್ ಮಾತಿನಲ್ಲಿ ಮೇಷ್ಟ್ರು.

ಬಟ್ಟೆ ಅದಕ್ಕೂ ಮುಂಚೆಯೇ ಒಮ್ಮೆ ಕೈಕೊಟ್ಟಿತ್ತು. ಹತ್ತಿ ಬಟ್ಟೆಯ ಅಂಚಿಗೆ ಬಿದಿರು ಕಡ್ಡಿ ಹೊಲಿದು, ಮರದ ಚೌಕಟ್ಟಿಗೆ ದಾರದಿಂದ ಬಿಗಿದು, ಸೀಮೆಸುಣ್ಣದ ಪುಡಿಗೆ ಚರ್ಮದ ಅಂಟು ಕಲಸಿ ಬಳಿಯಬೇಕು. ಅಂಟು ಜಾಸ್ತಿಯಾಯಿತು. ಒಣಗಿದ ಮೇಲೆ ಸುರುಳಿ ಸುತ್ತಿದರೆ ಹಪ್ಪಳದ ಹಾಗೆ ಚಟಚಟ ಬಿರುಕು. ಥಂಕಾ ಸುತ್ತಿಡುವ ಚಿತ್ರ ಅಲ್ವಾ, ಲೇಪ ತೆಳುವಾಗಿರಬೇಕು. ಎರಡನೇ ಬಟ್ಟೆಗೆ ಅಂಟು ಕಡಿಮೆ ಹಾಕಿ, ಒದ್ದೆ ಮಾಡಿ ನುಣ್ಣನೆ ಕಲ್ಲಿನಿಂದ ಉಜ್ಜಿದೆ.

ಇನ್ನು ನನ್ನ ಲೆಕ್ಕ. ವಸುಬಂಧು ಬರೆದ ಹಳೆಯ ಬೌದ್ಧ ಗ್ರಂಥ ಅಭಿಧರ್ಮಕೋಶದ ಪ್ರಕಾರ ನೀರಿನ ಮೇಲೆ ಮೇರುವಿನ ಎತ್ತರ 80,000 ಯೋಜನ. ಸುತ್ತ ಚಿನ್ನದ ಏಳು ಬೆಟ್ಟಸಾಲು, ಒಂದೊಂದೂ ಹಿಂದಿನದರ ಅರ್ಧ ಎತ್ತರ. ಮೇರುವಿಗೆ 32 ಸೆಂಟಿಮೀಟರ್ ಕೊಟ್ಟೆ. ಮೊದಲ ಸಾಲಿಗೆ 16, ಆಮೇಲೆ 8, 4, ಹೀಗೆ ಇಳಿದು ಏಳನೆಯದಕ್ಕೆ ಉಳಿದದ್ದು ಎರಡೂವರೆ ಮಿಲಿಮೀಟರ್. ಅದರಾಚೆ ಸಮುದ್ರ, ಸಮುದ್ರದ ದಕ್ಷಿಣಕ್ಕೆ ನಮ್ಮ ಜಂಬೂದ್ವೀಪ. ಮನೆಯಲ್ಲಿ ಅಪ್ಪ ಸಂಕಲ್ಪದಲ್ಲಿ ಹೇಳುವ ‘ಮೇರೋಃ ದಕ್ಷಿಣೇ ಪಾರ್ಶ್ವೇ’ ಇದೇ. ದ್ವೀಪದ ಮೂರು ಬದಿ 2,000 ಯೋಜನ, ನಾಲ್ಕನೆಯದು ಬರೀ ಮೂರೂವರೆ. ನನ್ನ ಅಳತೆಯಲ್ಲಿ ಉದ್ದದ ಬದಿಯೇ 8 ಮಿಲಿಮೀಟರ್! ಸಣ್ಣ ಬದಿ ಕೂದಲಿಗಿಂತ ತೆಳು.

"ಇಷ್ಟು ಜಾಗದಲ್ಲಿ ನೀನೆಲ್ಲಿ ನಿಂತ್ಕೋತೀಯ?" ಎಂದರು ಗೆನ್‌ಲಾ. ನನ್ನ ಇದ್ದಿಲ ಗೆರೆಯನ್ನು ಹೆಬ್ಬೆರಳಿನಿಂದ ಒರೆಸಿ, ಅಲ್ಲೇ ಅಂಗೈಯಗಲದ ದ್ವೀಪ ಬರೆದರು. ಒಂದು ಬದಿ ಮಾತ್ರ ಚಿಕ್ಕದು. ಪೂರ್ವದ ಅರ್ಧಚಂದ್ರ, ಪಶ್ಚಿಮದ ದುಂಡು, ಉತ್ತರದ ಚೌಕ ದ್ವೀಪಗಳನ್ನು ನನಗೆ ಬಿಟ್ಟರು. ಕ್ಯಾಲ್ಕುಲೇಟರ್ ಚೀಲ ಸೇರಿತು.

ಬಣ್ಣದ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ನೀಲಿ. ಮೇರುವಿನ ದಕ್ಷಿಣದ ಮುಖ ವೈಡೂರ್ಯದ್ದು, ಅದರ ಹೊಳಪಿನಿಂದಲೇ ನಮ್ಮ ಆಕಾಶ ನೀಲಿ ಎನ್ನುತ್ತಾರೆ. ಎರಡಕ್ಕೂ ಒಂದೇ ಅಜುರೈಟ್ ಕಲ್ಲು. ತರಿತರಿಯಾಗಿ ಅರೆದರೆ ಗಾಢ ನೀಲಿ, ಅದು ಬೆಟ್ಟಕ್ಕೆ. ಇನ್ನೂ ಅರೆದರೆ ತಿಳಿಯಾಗುತ್ತಾ ಹೋಗುತ್ತದೆ. ಅರೆದೂ ಅರೆದೂ ನನ್ನ ಮಣಿಕಟ್ಟು ಸೋತಿತು, ಬಟ್ಟಲಲ್ಲಿ ಆಕಾಶ ಬಂತು.

ಕೊನೆಗೆ ಏಳು ಸಾಲುಗಳಿಗೆ ಚಿನ್ನದ ಪುಡಿ ಹಚ್ಚಿ ಅಗೇಟ್ ಕಲ್ಲಿನಿಂದ ತಿಕ್ಕಿದೆ. ಆಮೇಲೆ ಉಸಿರು ಬಿಗಿಹಿಡಿದು ಸುರುಳಿ ಸುತ್ತಿದೆ. ಸದ್ದಿಲ್ಲ.